ಉಕ್ಕಿಗೆ ಜ್ವರ

ಅದರ ಹೆಸರು ಸ್ಕೆಲಿಟನ್.
ಅಸ್ಥಿಪಂಜರ ಅಂತ ಅರ್ಥ ಹೇಳಿದ್ದೇ ತಡ
ನಮ್ಮಾಕೆ ಅಂಗಡಿ ಹೊಸಿಲಿಗೆ ನಿಂಬೆಹಣ್ಣು ಕೊಯ್ದಿಟ್ಟಳು.
ಪಾಲಾಕ್ಷಿ ನಕ್ಕಳು:
ಎಲುಬು ಅದರದು ಕಾಕಾ, ಮಾಂಸ ನಂದು.
ಬೋರಲು ಮಲಗಬೇಕು, ತಲೆ ಮುಂದೆ,
ಗದ್ದಕ್ಕೂ ಐಸಿಗೂ ನಡುವೆ ನಾಲ್ಕು ಬೆರಳು.

ಮಂಡಕ್ಕಿ ಭಟ್ಟಿಗಳ ಸಾಲಿನ ಕೊನೆಗೆ ನನ್ನ ಲೇತು.
ಮಿಲ್ಲಿನ ರೋಲರು, ಬೋರಿನ ಬುಷ್ಷು,
ಟ್ರ್ಯಾಕ್ಟರಿನ ಪಿನ್ನು ಕಡೆದೇ ಸವೆದ ಕೈ.
ಆ ಕೈಗೆ ಎರಡು ಉಕ್ಕಿನ ಸರಳು ಕೊಟ್ಟು
ಕನ್ನಡಿ ಮಾಡಿಕೊಡಿ ಅಂದಳು.
ಉಕ್ಕು ಅವರ ನಿಯಮದ್ದು, ಉಜ್ಜುವುದಷ್ಟೇ ನನ್ನ ಪಾಲು.
ಒರಟು ಕಾಗದ, ನಯ ಕಾಗದ, ಇನ್ನೂ ನಯ,
ಕಡೆಗೆ ಹಳೇ ಸೀರೆಯ ಸೆರಗು.
ಮುಖ ಕಂಡಿತು. ಸಾಲದು ಅಂದಳು.
ನನ್ನ ಸಿಡುಬಿನ ಕಲೆ ಎಣಿಸುವ ಹಾಗಾದ ಮೇಲೆ
ಚೀಲಕ್ಕೆ ಹಾಕಿಕೊಂಡಳು.

ದುರ್ಗದ ಹುಡುಗಿ.
ಅಲ್ಲಿ ಬಂಡೆಗಳೇ ಜಾರುಬಂಡೆ.
ಉಳಿದ ಮಕ್ಕಳು ಕುಂಡೆಯೂರಿ ಇಳಿದರೆ
ಇವಳು ಗೋಣಿಚೀಲ ಹಾಸಿ, ತಲೆ ಮುಂದಾಗಿ.
ಹರಿದ ಲಂಗಗಳಿಗೆ ಲೆಕ್ಕವಿಲ್ಲ, ಹೋದ ಹಲ್ಲು ಒಂದು.
ಆಮೇಲೆ ಜೋಗಿಮಟ್ಟಿ ಕಡೆಯ ಇಳಿಜಾರು ರಸ್ತೆ,
ಚಕ್ರ ಕಟ್ಟಿದ ಹಲಗೆ, ನಸುಕು.
ಗಾಳಿಯಂತ್ರದ ಕಾವಲಿನ ಬೋರಯ್ಯ
ಎಮ್ಮೆಗಳನ್ನು ಬದಿಗೆ ಸರಿಸಿ ಸೀಟಿ ಊದುತ್ತಿದ್ದ.
ಸೊಂಟ ಬಗ್ಗಿಸಿ ಮೂವತ್ತು ಹೆಜ್ಜೆ ಓಟ,
ನೆಗೆತ,
ಆಮೇಲೆ ಬರೀ ಭುಜ, ಮೊಣಕಾಲು, ದಮ್ಮು.
ಹೆಸರಿಟ್ಟವರಿಗೆ ಗೊತ್ತಿತ್ತೋ ಏನೋ,
ಆ ವೇಗದಲ್ಲಿ ತಲೆ ಎತ್ತುವಂತಿಲ್ಲ,
ಹಣೆಯಿಂದಲೇ ನೋಡಬೇಕು.

ನವೆಂಬರಿನಲ್ಲಿ ಮೊದಲ ಫೋನು:
ಕಾಕಾ, ಐಸು ಮಂಡಕ್ಕಿ ಥರ ಇಲ್ಲ,
ಪಾಲಿಶ್ ಹಾಕಿದ ಕರಿಕಲ್ಲಿನ ಥರ, ಬಣ್ಣ ಬಿಳಿ ಅಷ್ಟೇ.

ಶಟರಿನ ಒಳಮೈಗೆ ಸೀಮೆಸುಣ್ಣದಲ್ಲಿ ಬರೆಯುತ್ತಾ ಬಂದೆ.
ಸಿಗುಲ್ಡಾ, ಇಪ್ಪತ್ತಾರು.
ವಿಂಟರ್‌ಬರ್ಗ್, ಇಪ್ಪತ್ತೆಂಟು.
ಆಲ್ಟೆನ್‌ಬರ್ಗ್: ಒಂದು ತಿರುವು ಭುಜದ ಚರ್ಮ ಇಟ್ಟುಕೊಂಡಿತು,
ಅಂಕಿ ಕೊಡಲಿಲ್ಲ.
ಇಪ್ಪತ್ತರೊಳಗೆ ಬಂದವರಿಗೆ ಮಾತ್ರ ಎರಡನೇ ಓಟವಂತೆ.
ಇಪ್ಪತ್ತು ಅನ್ನುವುದು
ನಮ್ಮ ಬೀದಿಯ ಚಹಾದಂಗಡಿಯಲ್ಲೂ ಮಾತಾಯಿತು.

ಜನವರಿ, ಈಗ್ಲ್ಸ್. ಅಭ್ಯಾಸದಲ್ಲಿ ಹದಿನೇಳು ಬಂದಿದ್ದಳು.
ಓಟದ ಬೆಳಿಗ್ಗೆ ಕೈ ಮರಗಟ್ಟಿತೆಂದು
ಚೀಲವನ್ನು ವ್ಯಾನಿನ ಹೀಟರಿನ ಪಕ್ಕ ಇಟ್ಟಳಂತೆ.
ಅಲ್ಲಿ ಓಟಕ್ಕೆ ಮುಂಚೆ ಉಕ್ಕಿಗೂ ಜ್ವರ ನೋಡುತ್ತಾರೆ.
ಬೆಚ್ಚಗಿದ್ದರೆ ಐಸು ಕರಗಿ ಜಾರು ಹೆಚ್ಚು, ಅದು ಮೋಸ.
ಆರು ಡಿಗ್ರಿ ಮೇಲಿತ್ತು.
ಹೊರಗೆ ಕಳಿಸಿದರು.

ಚಹಾದಂಗಡಿ ಬಿದ್ದು ಬಿದ್ದು ನಕ್ಕಿತು:
ದಾವಣಗೆರೆಯಲ್ಲಿ ಉಜ್ಜಿದ ಕಬ್ಬಿಣ,
ಬೆಚ್ಚಗಿರದೆ ಇನ್ನೇನಪ್ಪಾ!
ನಾನೂ ನಕ್ಕೆ.
ಒಳಗೆ ಬಂದು ಲೇತು ಚಾಲೂ ಮಾಡಿದೆ,
ಕೆಲಸವೇನೂ ಇರಲಿಲ್ಲ.

ಫೆಬ್ರವರಿಯ ಕೊನೇ ಓಟ. ಫೋನು ಹಿಡಿದು ನಿಂತಿದ್ದೆವು,
ನಾನು, ನಮ್ಮಾಕೆ, ಭಟ್ಟಿಯ ಇಮಾಮ್‌ಸಾಬ್, ಅವನ ಮೈತುಂಬಾ ಬೂದಿ.
ಒಂದು ಚುಕ್ಕೆ ಬಿಳಿ ಕೊಳವೆಯೊಳಗೆ ಬಿದ್ದು
ಒಂದು ನಿಮಿಷಕ್ಕೆ ಹೊರಗೆ ಬಂತು.
ಇಪ್ಪತ್ತೊಂದು.
ಮುಂದಿನವಳಿಗೂ ಇವಳಿಗೂ ಸೆಕೆಂಡಿನ ನೂರರಲ್ಲಿ ಎರಡು ಪಾಲು.
ಇಮಾಮ್‌ಸಾಬ್ ಅಂದ: ಸುಡುವ ಮರಳಲ್ಲಿ
ಒಂದು ಕಾಳು ಅರಳೋಕೂ ಅದಕ್ಕಿಂತ ಹೊತ್ತು ಬೇಕು.
ಸಮಾಧಾನಕ್ಕೆ ಅಂದನೋ ಸಂಕಟಕ್ಕೋ, ಕೇಳಲಿಲ್ಲ.

ಮಾರ್ಚಿನಲ್ಲಿ ಬಂದಳು. ಭುಜದ ಮೇಲೆ ಗುಲಾಬಿ ಗಾಯ,
ಖಾರಾ ಮಂಡಕ್ಕಿ ಎರಡು ಪ್ಲೇಟು.
ಉಕ್ಕನ್ನು ಬೆಂಚಿನ ಮೇಲಿಟ್ಟು ದುರ್ಗದ ಬಸ್ಸು ಹತ್ತಿದಳು.
ಹೆಬ್ಬೆರಳಾಡಿಸಿದೆ: ಉಗುರುದ್ದ ಒಂದು ಗೀರು.

ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ
ನಮ್ಮಾಕೆ ಎರಡೂ ಸರಳಿಗೆ ಒದ್ದೆ ಬಟ್ಟೆ ಸುತ್ತಿ
ನೀರಿನ ಕೊಡದ ಪಕ್ಕ ಮಲಗಿಸಿದ್ದಳು,
ಜ್ವರದ ಕೂಸಿನ ಹಣೆಗೆ ಹಾಕುವ ಹಾಗೆ.
ಇನ್ನೊಂದು ಸಲ ಬೆಚ್ಚಗಾಗಬಾರದು ನೋಡಿ, ಅಂದಳು.
ತುಕ್ಕು ಹಿಡಿಯುತ್ತಲ್ಲೇ! ಕೂಗಿದೆ, ಬಟ್ಟೆ ಕಿತ್ತೆ.
ಸಾಸಿವೆಯಷ್ಟು ಕೆಂಪು ಆಗಲೇ ಕೂತಿತ್ತು.

ಒರಟು ಕಾಗದ ಹುಡುಕಿದೆ.
ಬೆಳಕಿಗೆ ಹಿಡಿಯಲು ಅವಳೇ ಬಂದಳು.