ಅಲಸಂದೆಕೊಪ್ಪ

ದುರ್ಗಿಗುಡಿಯ ಮಹಡಿ ಕೋಣೆಯಲ್ಲಿ
ಚೀನೀ ನಿಘಂಟು ಬಿಚ್ಚಿಕೊಂಡು ಕೂತಿದ್ದೆ.
ಫೂನಾನ್. ಎರಡೇ ಅಕ್ಷರ.
ಬರೆದವನ ಕಿವಿಗೆ ಬಿದ್ದದ್ದು ಬಹುಶಃ 'ಬ್ನಮ್',
ಖ್ಮೇರರ ಬಾಯಲ್ಲಿ ಬೆಟ್ಟ.
ಬೆಟ್ಟದರಸ ಎಂದು ಯಾರೋ ಹೇಳಿದ್ದಿರಬೇಕು,
ಇವನು ಅದನ್ನೇ ದೇಶಕ್ಕೆ ಹೆಸರಿಟ್ಟ.
ಮಲೆನಾಡಿನವಳು ನಾನು, ನಗು ಬಂತು.

ಹಡಗು ಹತ್ತಿ ಹೋದ ದೂತರು ಬರೆದದ್ದೂ
ಈಗ ಇಲ್ಲ. ಅದನ್ನು ನೋಡಿ ಬರೆದವರು,
ಅವರನ್ನು ನೋಡಿ ಬರೆದವರು ಇದ್ದಾರೆ.
ರಾಜ್ಯ ಅಂದರು, ರಾಜ ಅಂದರು, ಕಪ್ಪ ಅಂದರು.
ಅವರ ದಫ್ತರದಲ್ಲಿದ್ದ ಕಲಮುಗಳೇ ಅಷ್ಟು.
ರಾಜನೇ ಇಲ್ಲದ ಊರಿನ ಆನೆಯನ್ನು
ಅರಮನೆ ಬಾಗಿಲಲ್ಲಿ ಯಾವ ಲೆಕ್ಕಕ್ಕೆ ಬರೆದುಕೊಳ್ಳುವುದು?
ಅಲ್ಲಿದ್ದದ್ದು ನಾಲ್ಕು ಕಾಲುವೆ, ಏಳೆಂಟು ಬಂದರು,
ಒಬ್ಬರಿಗೊಬ್ಬರು ಬಗ್ಗದ ಯಜಮಾನರೋ ಏನೋ.

ಮೊದಲ ರಾಣಿಯ ಹೆಸರು ನೀರವಂಜಿ ಎಲೆ.
ತೆಂಗಿನೆಲೆ ಎಂದಿರಬೇಕು ಎನ್ನುತ್ತಾರೆ ಬಲ್ಲವರು,
ನಕಲು ಮಾಡುವವನ ಕುಂಚ ಜಾರಿದೆ.
ಒಂದು ಗೀರಿನಲ್ಲಿ ಮರ ಬದಲಾಯಿತು,
ರಾಣಿ ಹಾಗೇ ಆಳಿದಳು, ಬೇರೆಯವರ ಮರದ ಕೆಳಗೆ.

ಅಷ್ಟರಲ್ಲಿ ಗಾಮಪ್ಪ ಬಂದರು, ಸಾಗರದ ಬಸ್ಸಿಳಿದು.
ಪ್ಲಾಸ್ಟಿಕ್ ಚೀಲದಲ್ಲಿ ಮುಳುಗಡೆ ರಿಜಿಸ್ಟರಿನ ಜೆರಾಕ್ಸು.
"ಅಮಾ, ನೀವು ಹಳೇ ಕಾಗ್ದ ಓದ್ತೀರಂತೆ.
ನಮ್ಮೂರು ಹಲಸಿನಕೊಪ್ಪ. ಇದ್ರಾಗೆ ಅಲಸಂದೆಕೊಪ್ಪ ಅಂತ ಐತೆ.
ಅಂಥ ಊರೇ ಇರ್ಲಿಲ್ಲ ಅಂತಾರೆ ತಾಲ್ಲೂಕಾಫೀಸಲ್ಲಿ.
ಇರ್ಲಿಲ್ಲ, ಖರೆ. ನಾವಿದ್ವಲ್ಲ?"

ಗುಮಾಸ್ತ ಬಯಲುಸೀಮೆಯವನಿರಬೇಕು,
'ಹ' ನುಂಗುವ ನಾಲಿಗೆ.
ಹಲಸು ಅಲಸಾಯಿತು, ಅಲಸು ಅರ್ಥವಾಗದೆ
ಯಾರೋ ಮೇಲಿನವರು ತಿದ್ದಿ ಅಲಸಂದೆ ಮಾಡಿದರು.
ನೀರು ಬಂತು. ಶಾಯಿ ಒಣಗಿತು.

ಕಲಮು ಕಲಮಾಗಿ ಓದಿದೆವು.
ಮನೆ ಹದಿನಾಲ್ಕು. ಬಾವಿ ಎರಡು.
ಹೊಲ ಎಂಬಲ್ಲಿ ಬರೀ ಭತ್ತ, ಒಂದು ಕಾಳು ಅಲಸಂದೆ ಇಲ್ಲ.
ಮರ ಎಂಬಲ್ಲಿ, ದುಡ್ಡು ಎಣಿಸಬೇಕಿತ್ತಲ್ಲ,
ತಪ್ಪಿಲ್ಲದೆ, 'ಹ' ಸಮೇತ: ಹಲಸು, ಹನ್ನೊಂದು.

ತಪ್ಪು ಬರೆದವನೇ ಸಾಕ್ಷಿಯನ್ನೂ ಬಿಟ್ಟು ಹೋಗಿದ್ದ.
ಅವನ ಮೇಲೆ ಸಿಟ್ಟು ಮಾಡಲು ಹೋದೆ, ಆಗಲಿಲ್ಲ.
ಅವನೂ ಇಲ್ಲದಿದ್ದರೆ
ಆ ಹದಿನಾಲ್ಕು ಒಲೆ ಉರಿದದ್ದಕ್ಕೆ ಕಾಗದವೇ ಇಲ್ಲ.

ಅರ್ಜಿ ಟೈಪು ಮಾಡುವಾಗ ಗಾಮಪ್ಪ
ನನ್ನ ನಿಘಂಟಿನ ಮೇಲೆ ಬೆರಳಾಡಿಸಿ ಕೇಳಿದರು, ಇದೇನು?
ಹೇಳಿದೆ, ಬೆಟ್ಟ, ಬಂದರು, ಎಲೆ ಹೆಸರಿನ ರಾಣಿ.
"ಆಯಮ್ಮನ್ನ ಅವ್ವ ಏನಂತ ಕರೀತಿದ್ಲು?"
ಗೊತ್ತಿಲ್ಲ ಅಂದೆ.
"ಬರ್ದಿಲ್ವ?"
ಬರೆದಿಲ್ಲ.

ತಹಶೀಲ್ದಾರರಿಗೆ, ಮಾನ್ಯರೇ, ಅಂತ ಶುರುವಾಗುವ ಹಾಳೆಗೆ
ಹೆಬ್ಬೆಟ್ಟಲ್ಲ, ಸಹಿ ಮಾಡಿದರು, ಒತ್ತಿ, ನಿಧಾನಕ್ಕೆ.
ಮೆಟ್ಟಿಲಿಳಿದವರು ಮತ್ತೆ ಹತ್ತಿ ಬಂದರು, ಏದುಸಿರು.
"ಹನ್ನೊಂದಲ್ಲ ಅಮಾ, ಹನ್ನೆರಡು.
ಕೊಟ್ಟಿಗೆ ಹಿಂದೆ ಒಂದಿತ್ತು.
ಅಳತೆಯವ್ರು ಬಂದ ದಿನ
ನಾನು ಅದರ ಮೇಲೇ ಕೂತಿದ್ದೆ, ಒಂಬತ್ತು ವರ್ಷ ನಂಗೆ.
ಹಣ್ಣಿನ ಆಸೆಗೆ ಬಾಯೇ ಬಿಡಲಿಲ್ಲ."