ತಿಂಗಳಿಗೆ ಇಪ್ಪತ್ತು ಓಕ್ ಮರ

ಲಾಟ್ವಿಯಾದ ರೆಜೆಕ್ನೆ. ನವೆಂಬರ್.
ಬೆಳಗಿನ ಎಂಟಾದರೂ ಕತ್ತಲು ಎದ್ದು ಹೋಗಿಲ್ಲ.
ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟು ವೆಲ್ತಾ
ಉದ್ಯಾನದ ಎಲೆ ಗುಡಿಸುತ್ತಾಳೆ.
ಜೊತೆಗೆ, ಭೌತಶಾಸ್ತ್ರ ಕಲಿಸುತ್ತಿದ್ದ ಒಸ್ವಾಲ್ಡ್ಸ್,
ಬಾಗಿಲು ಮುಚ್ಚಿದ ಆಸ್ಪತ್ರೆಯ ದಾದಿ ಗೆನೊವೆಫಾ.

ಹೋದ ವರ್ಷ ಇವಳು ಪ್ಲೈವುಡ್ ಕಾರ್ಖಾನೆಯಲ್ಲಿ
ಲೆಕ್ಕ ಬರೆಯುತ್ತಿದ್ದವಳು.
ಕೆಲಸ ಹೋಗುವವರ ಪಟ್ಟಿ ತಾನೇ ಬೆರಳಚ್ಚಿಸಿದಳು;
ನಲವತ್ತೊಂದನೆಯ ಹೆಸರಿನ ಕಾಗುಣಿತ
ಎರಡು ಸಲ ನೋಡಿದಳು.
ತನ್ನದೇ.

ರಾಜಧಾನಿಯಲ್ಲಿ ಬ್ಯಾಂಕೊಂದು ಮುಳುಗಿದಾಗ
ರಾತ್ರೋರಾತ್ರಿ ದೋಣಿ ಹೋಯಿತು,
ನಮ್ಮ ಪಾಲಿಗೆ ಬಂದದ್ದು ಪೊರಕೆ
ಎನ್ನುತ್ತಾನೆ ಒಸ್ವಾಲ್ಡ್ಸ್.
ಹಣ್ಣು ತಿಂದವರು ನುಣುಚಿಕೊಂಡರು.
ನಾವು ಸಿಪ್ಪೆ ತಿಂದವರೂ ಅಲ್ಲ,
ಸಿಪ್ಪೆ ಗುಡಿಸುವವರು.

ತಿಂಗಳಿಗೆ ನೂರು ಲಾಟ್.
ಐದರ ನೋಟಾದರೆ ಇಪ್ಪತ್ತು,
ಪ್ರತಿಯೊಂದರ ಮೇಲೂ ಒಂದು ಓಕ್ ಮರ,
ಒಂದೆಲೆಯೂ ಉದುರದ್ದು.
ಒಂಬತ್ತು ಮರ ಬಾಡಿಗೆಗೆ,
ಆರು, ಕೋಣೆ ಬೆಚ್ಚಗಿರಲು.
ಉಳಿದ ಐದರ ನೆರಳಲ್ಲಿ
ಮೂವರು ಉಣ್ಣಬೇಕು.

ಪುರಸಭೆಯ ಹುಡುಗ ಬಂದು ರುಜು ಹಾಕಿಸಿಕೊಳ್ಳುತ್ತಾನೆ:
ಇವರಿನ್ನು ನಿರುದ್ಯೋಗಿಗಳಲ್ಲ.
ಲೆಕ್ಕದವಳ ಕಣ್ಣು ಸುಮ್ಮನಿರುವುದಿಲ್ಲ:
"ಕಳೆದದ್ದನ್ನು ಯಾವ ಕಾಲಮ್ಮಿನಲ್ಲಿ ಬರೆದೆ ಮಗೂ?"
ಹುಡುಗ ನಗುತ್ತಾನೆ. ಅವನ ಸಂಬಳವೂ ಈಗ ಅರ್ಧ;
ಕೈಗವಸಿನ ತುದಿಯಲ್ಲಿ ಬೆರಳು ಇಣುಕುತ್ತಿದೆ.

ಗಾಳಿ ಬಂತು.
ಗುಡ್ಡೆ ಹಾಕಿದ್ದೆಲ್ಲ ಮತ್ತೆ ಹುಲ್ಲಿನ ಮೇಲೆ.
ಗೆನೊವೆಫಾ ಬೈಯಲು ಬಾಯಿ ತೆರೆದಳು.
"ಬಿಡೇ," ಅಂದಳು ವೆಲ್ತಾ,
"ಎಲ್ಲ ಇವತ್ತೇ ಮುಗಿದರೆ
ನಾಳೆ ನಮಗೇನು ಕೊಡುತ್ತಾರೆ?"