ಕೋಲು ಇಳಿದಷ್ಟು

ಇಪ್ಪತ್ತೆರಡು ವರ್ಷ ನನ್ನ ಕೆಲಸ ಇಷ್ಟೇ:
ಬೆಳಗಿನ ಜಾವ ರೇಸ್‌ಕೋರ್ಸಿನ ಹುಲ್ಲಿಗಿಳಿದು
ಕಬ್ಬಿಣದ ಕೋಲು ಊರುವುದು,
ಎಷ್ಟು ಇಳಿಯಿತೆಂದು ಕೂಗುವುದು.
ಗುಮಾಸ್ತ ಬರೆದುಕೊಳ್ಳುತ್ತಿದ್ದ.
ಆ ಒಂದು ಅಂಕಿಗೆ
ಎಷ್ಟೋ ಜನರ ದುಡ್ಡು ಮಗ್ಗುಲು ಬದಲಿಸುತ್ತಿತ್ತು.

ಈಗ ಹಿರಿಯೂರಿನಾಚೆ, ಕಾಲುವೆ ಪಕ್ಕದ ಫಾರಂ.
ಗುಡ್ಡದ ಮೇಲಿನ ಗಾಳಿಯಂತ್ರಗಳ ನೆರಳು
ಸಂಜೆ ಲಾಯದ ಗೋಡೆ ದಾಟುವಾಗ
ಹೊಸ ಕುದುರೆಗಳು ಬೆಚ್ಚುತ್ತವೆ,
ಹಳೆಯವು ಹುಲ್ಲು ಜಗಿಯುತ್ತವೆ.
ಬೇಲಿಯ ಈಚೆ ಎರೆ, ಆಚೆ ಗರಸು,
ನಡುವೆ ಒಂದು ಜಾಲಿ ಮರ.

ಕಾಗದದಲ್ಲಿ ಅವನ ಹೆಸರು ಲೇಟ್ ಮಾನ್ಸೂನ್.
ನನ್ನ ಬಾಯಲ್ಲಿ ಹಸ್ತ.
ವ್ಯಾನಿನಿಂದ ಇಳಿದಾಗ ಮೊದಲು ಗೊರಸು ನೋಡಿದೆ:
ಮುದ್ದೆ ತಟ್ಟೆಯಷ್ಟು ಅಗಲ.
ಕೆಸರಿನಲ್ಲಿ ಉಳಿದವು ಕಾಲು ಕೀಳುವಷ್ಟರಲ್ಲಿ
ಇವನು ತೇಲಿಕೊಂಡು ಹೋಗುತ್ತಿದ್ದನಂತೆ.
ಗೆದ್ದದ್ದು ಆರು. ಆರೂ ನೆಂದ ನೆಲದಲ್ಲಿ.
ಬಿಸಿಲು ಕುಡಿದ ನೆಲದಲ್ಲಿ ಓಡಿದ್ದು ಎರಡೇ ಸಲ.
ಒಮ್ಮೆ ನಾಲ್ಕನೆಯವನಾದ, ಇನ್ನೊಮ್ಮೆ
ಮುಂಗಾಲಿನ ನರದಲ್ಲಿ ಬಿಸಿ ಹೊತ್ತು ಬಂದ.

ಮೂರು ತಿಂಗಳು ಕಾಲುವೆ ನೀರಿನಲ್ಲಿ ನಿಲ್ಲಿಸಿದೆ.
ಎರೆಯ ಮೇಲೆ ನಡೆಸಿದೆ, ಆಮೇಲೆ ಓಡಿಸಿದೆ.
ಬೆರಳಿಟ್ಟರೆ ನರ ತಣ್ಣಗೆ, ಕೊಡದ ಹೊಟ್ಟೆಯ ಹಾಗೆ.
ಮೈಸೂರಿನ ದೊಡ್ಡ ಓಟಕ್ಕೆ ದಿನ ಗೊತ್ತಾಯಿತು.
ಡ್ರೈವರ್ ಜಬೀವುಲ್ಲಾ ವ್ಯಾನು ತೊಳೆದಿಟ್ಟ.

ಹಸ್ತ ಹುಟ್ಟಿತು, ಹನಿ ಬೀಳಲಿಲ್ಲ.
ನನ್ನ ಕೋಲು ಹಿಡಿದ ಹುಡುಗ ಫೋನಿನಲ್ಲಿ ಅಂಕಿ ಹೇಳಿದ.
ಇನ್ನೊಮ್ಮೆ ಊರು, ಅಂದೆ.
ಊರಿದ. ಅದೇ ಅಂಕಿ.
ನೀರು ಬಿಟ್ಟಿದ್ದಾರಣ್ಣ, ಅಂದ.
ಬಿಟ್ಟ ನೀರು ನೆಲದ ಮುಖ ತೊಳೆಯುತ್ತದೆ,
ಎದೆಗಿಳಿಯುವುದಿಲ್ಲ.

ದಾವಣಗೆರೆಯಿಂದ ಮಾಲೀಕರು ಬಂದರು, ನೀಲಾಂಬಿಕೆಯವರು,
ಹತ್ತಿ ಮಿಲ್ಲು ಮುಚ್ಚಿದ ಮೇಲೂ ಲೆಕ್ಕ ಮುಚ್ಚದ ಮನೆತನ.
ಜಾಲಿಯ ನೆರಳಲ್ಲಿ ನಿಂತು ಬಿಡಿಸಿ ಹೇಳಿದರು:
"ಗೆದ್ದರೆ ಬೀರುವಿಗೆ ಇನ್ನೊಂದು ಕಪ್.
ಸೋತರೆ ಬೀಜದ ಬೆಲೆ ಅರ್ಧ.
ಕಾಲು ಮುರಿದರೆ, ಕಾಟಯ್ಯ, ನೀನೇ ಹೇಳು."
ಹೇಳಲಿಲ್ಲ. ಅದನ್ನು ನೋಡಿದ್ದೇನೆ:
ಸುತ್ತ ಹಸಿರು ಪರದೆ ಎಳೆಯುತ್ತಾರೆ,
ಬ್ಯಾಂಡು ನಿಲ್ಲುವುದಿಲ್ಲ.
"ಇವನ ಅಜ್ಜಿಯ ತಂಗಿ ಹೆತ್ತದ್ದೆಲ್ಲ ಗೆದ್ದಿದೆ.
ವರ್ಷಕ್ಕೆ ನಲವತ್ತು ಹೆಣ್ಣು ಕುದುರೆ. ಓಡಿದ್ದು ಸಾಕು."
ತೊಳೆದ ವ್ಯಾನು ಹಾಗೇ ಧೂಳು ಕೂಡಿಸಿಕೊಂಡಿತು.

ಓಟದ ದಿನ ಯಾವನೋ ಗೆದ್ದ.
ಮೂರು ದಿನ ಬಿಟ್ಟು ರಾತ್ರಿಯೆಲ್ಲ ಹೊಯ್ದಿತು ಮಳೆ.
ಬೆಳಗ್ಗೆ ಬಾಗಿಲು ತೆಗೆದೆನಷ್ಟೆ,
ಹಸ್ತ ಎರೆಯ ಮೇಲೆ ಬೇಲಿಯಿಂದ ಬೇಲಿಗೆ ಹೋದ,
ಬಂದ, ಮತ್ತೆ ಹೋದ.
ಬೆನ್ನ ಮೇಲೆ ಯಾರಿಲ್ಲ. ಮುಂದೆ ಯಾರಿಲ್ಲ.
ನಿಲ್ಲಿಸು-ಗಡಿಯಾರ ನನ್ನ ಜೇಬಿನಲ್ಲೇ ಇತ್ತು.
ತೆಗೆಯಲಿಲ್ಲ.

ವಂಶದ ಪುಸ್ತಕದಲ್ಲಿ ತಂದೆಗೊಂದು ಗೆರೆ, ತಾಯಿಗೊಂದು ಗೆರೆ,
ಅವರ ತಂದೆ, ಅವರ ತಾಯಿ, ಹಿಂದೆ ಹಿಂದೆ
ಹಡಗಿನಲ್ಲಿ ಬಂದವರವರೆಗೆ.
ಮಣ್ಣಿಗೆ ಕಾಲಂ ಇಲ್ಲ.

ಪುಣೆಯಿಂದ ಬಂದ ಕೆಂದ ಬಣ್ಣದವಳು
ಗಟ್ಟಿ ನೆಲದಲ್ಲಷ್ಟೇ ಗೆದ್ದವಳು, ಗೊರಸು ಬಟ್ಟಲಿನಂತೆ ಚಿಕ್ಕದು.
ಅವಳು ಈಯ್ದದ್ದು ಭರಣಿ ಮಳೆಯ ಮಾರನೆಯ ನಸುಕಿನಲ್ಲಿ.
ಹುಟ್ಟಿದ ಮರಿಯ ಗೊರಸು ನೋಡಿದ್ದೀರಾ?
ಅಣಬೆಯ ಅಂಚಿನ ಹಾಗೆ ಮೆತ್ತಗಿನ ಎಸಳು,
ತಾಯ ಒಡಲು ಗೀರಬಾರದೆಂದು.
ನೆಲ ತಾಗಿದ್ದೇ ತಡ, ಸವೆಯತೊಡಗುತ್ತದೆ.
ಒಂದು ಹಗಲು ಸಾಕು. ಅಷ್ಟರವರೆಗೆ
ಅದು ಅಪ್ಪನದೂ ಅಲ್ಲ, ಅವ್ವನದೂ ಅಲ್ಲ.

ಎದ್ದಿತು. ಬಿದ್ದಿತು. ಬಯ್ದ ಹಾಗೆ ಸೀನಿ ಮತ್ತೆ ಎದ್ದಿತು.
ನಾನು ಹೋಗಿ ಹಳೆಯ ಕೋಲು ತಂದೆ,
ಅದರ ಹೆಜ್ಜೆಯ ಪಕ್ಕದಲ್ಲಿ ಊರಿದೆ,
"ನಾಲ್ಕು ಬೆರಳು" ಎಂದು ಕೂಗಿದೆ.
ಬರೆದುಕೊಳ್ಳುವವರು ಇರಲಿಲ್ಲ.
ತಾಯಿ ಒಂದು ಕಿವಿ ಮಾತ್ರ ಇತ್ತ ತಿರುಗಿಸಿದಳು.